ಐದು ನಿಮಿಷದ ಉಸಿರಾಟ, ಖರ್ಚಿಲ್ಲದ ಅಭ್ಯಾಸ



ವಾರದ ಸಭೆ ಮುಗಿದ ಮೇಲೆ ಹಲವರು ನಮ್ಮ ಹತ್ತಿರ ಹೇಳುವುದುಂಟು: "ರಾತ್ರಿ ನಿದ್ದೆ ಬರೋದಿಲ್ಲ, ಎದೆ ಡವಡವ ಅನ್ನುತ್ತೆ, ಮಕ್ಕಳ ಮೇಲೆ ಸುಮ್ಮನೆ ಸಿಟ್ಟು ಬರುತ್ತೆ." ಸಾಲದ ಕಂತು, ಶಾಲೆಯ ಫೀಸು, ಗಂಡನ ಕುಡಿತ ಇವೆಲ್ಲ ಉಸಿರಾಟದಿಂದ ಓಡಿಹೋಗುವುದಿಲ್ಲ. ಆದರೆ ಅವುಗಳನ್ನು ಎದುರಿಸಲು ಮನಸ್ಸು ಒಂದಿಷ್ಟು ತಣ್ಣಗಿರಬೇಕು. ಅದಕ್ಕೆ ಪ್ರಾಣಾಯಾಮ ಸಹಾಯ ಮಾಡುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ?

ಪತಂಜಲಿಯ ಯೋಗಸೂತ್ರ ಹೇಳುವ ಎಂಟು ಅಂಗಗಳಲ್ಲಿ ಪ್ರಾಣಾಯಾಮ ನಾಲ್ಕನೆಯದು. ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಗಾಬರಿಯಾದರೆ ಇದು ಇನ್ನೂ ಹೆಚ್ಚುತ್ತದೆ. ಉಸಿರು ಎಳೆದಾಗ ಹೃದಯದ ಬಡಿತ ತುಸು ಹೆಚ್ಚುತ್ತದೆ, ಬಿಟ್ಟಾಗ ಕಡಿಮೆಯಾಗುತ್ತದೆ. ಆದ್ದರಿಂದ ಎಳೆಯುವುದಕ್ಕಿಂತ ಬಿಡುವುದು ಉದ್ದವಾಗಿರಬೇಕು. ಮುಖ್ಯವಾದ ಮಾತು ಇಷ್ಟೇ.

ಮಾಡುವ ವಿಧಾನ

ಚಾಪೆಯ ಮೇಲೋ ಕುರ್ಚಿಯಲ್ಲೋ ಬೆನ್ನು ನೇರ ಮಾಡಿ ಕುಳಿತುಕೊಳ್ಳಿ. ಊಟವಾದ ತಕ್ಷಣ ಬೇಡ. ಒಲೆಯ ಹೊಗೆಯಿಂದ ದೂರವಿರಿ. ಬೀಡಿ ಕಟ್ಟುವವರು ಹೊಗೆಸೊಪ್ಪಿನ ಮೊರವನ್ನು ಬದಿಗಿಟ್ಟು, ಕೈತೊಳೆದು, ಜಗಲಿಗೆ ಬನ್ನಿ.

1. ದೀರ್ಘ ಉಸಿರಾಟ: ಹೊಟ್ಟೆಯ ಮೇಲೆ ಕೈ ಇಡಿ. ನಾಲ್ಕು ಎಣಿಸುತ್ತಾ ಮೂಗಿನಿಂದ ಎಳೆಯಿರಿ, ಹೊಟ್ಟೆ ಉಬ್ಬಲಿ. ಆರು ಎಣಿಸುತ್ತಾ ಬಿಡಿ. ಹತ್ತು ಸಲ ಮಾಡಿ.

2. ನಾಡಿಶೋಧನ: ಬಲ ಹೊಳ್ಳೆಯನ್ನು ಹೆಬ್ಬೆರಳಿನಿಂದ ಮುಚ್ಚಿ ಎಡದಿಂದ ಎಳೆಯಿರಿ. ಎಡವನ್ನು ಉಂಗುರ ಬೆರಳಿನಿಂದ ಮುಚ್ಚಿ ಬಲದಿಂದ ಬಿಡಿ. ಮತ್ತೆ ಬಲದಿಂದ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತು. ಐದು ಸುತ್ತು ಸಾಕು. ಶೀತವಾಗಿ ಮೂಗು ಕಟ್ಟಿದ್ದರೆ ಆ ದಿನ ಬಿಟ್ಟುಬಿಡಿ.

3. ಭ್ರಾಮರಿ: ಬಾಯಿ ಮುಚ್ಚಿ, ಉಸಿರು ಬಿಡುವಾಗ ದುಂಬಿಯಂತೆ 'ಮ್‌...' ಎಂದು ಸದ್ದು ಮಾಡಿ. ಸದ್ದು ತಾನಾಗಿಯೇ ಉಸಿರನ್ನು ಉದ್ದ ಮಾಡುತ್ತದೆ. ಮಲಗುವ ಮೊದಲು ಐದು ಸಲ ಮಾಡಿ.

ಜಾಗ್ರತೆ

ಉಸಿರು ಕಟ್ಟಿ ಹಿಡಿಯುವುದು, ಕಪಾಲಭಾತಿಯಂತೆ ಜೋರಾಗಿ ಬಿಡುವುದು ಗರ್ಭಿಣಿಯರಿಗೆ, ಬಿ.ಪಿ. ಅಥವಾ ಹೃದಯದ ತೊಂದರೆ ಇರುವವರಿಗೆ ಬೇಡ. ತಲೆ ತಿರುಗಿದರೆ ನಿಲ್ಲಿಸಿ, ಮಾಮೂಲಿಯಾಗಿ ಉಸಿರಾಡಿ. ಬಿ.ಪಿ. ಮಾತ್ರೆಯನ್ನಾಗಲಿ ಆಸ್ತಮಾದ ಔಷಧಿಯನ್ನಾಗಲಿ ನೀವಾಗಿಯೇ ಬಿಡಬೇಡಿ. ಎದೆನೋವು ಬಂದರೆ ಉಸಿರಾಟ ಮಾಡುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಎರಡು ವಾರಕ್ಕೂ ಮೀರಿ ನಿದ್ದೆಯಿಲ್ಲದೆ, ಬೇಸರ ಹೋಗದೆ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿಕೊಳ್ಳಿ. ಸರಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಒಬ್ಬೊಬ್ಬರೇ ಮಾಡಿದರೆ ನಾಲ್ಕು ದಿನಕ್ಕೆ ನಿಂತುಹೋಗುತ್ತದೆ. ಮುಂದಿನ ಸಭೆಯಲ್ಲಿ ಉಳಿತಾಯದ ಪುಸ್ತಕ ತೆರೆಯುವ ಮೊದಲು ಎಲ್ಲರೂ ಸೇರಿ ಐದು ನಿಮಿಷ ಮಾಡೋಣ. ಒಬ್ಬರು ಎಣಿಸಲಿ, ಉಳಿದವರು ಉಸಿರಾಡಲಿ. ಆಮೇಲೆ ಬಾಕಿ ಕಂತಿನ ವಿಷಯ ಮಾತಾಡೋಣ.