ನಿಧಾನಿಸುವ ಗಣಕಯಂತ್ರವೂ ಪೆನ್ ಡ್ರೈವೂ

ಬೆರಳುದ್ದದ ಪೆನ್ ಡ್ರೈವೊಂದನ್ನು ಸಿಕ್ಕಿಸಿದ ಮಾತ್ರಕ್ಕೆ ಮನೆಯ ಹಳೆಯ ಗಣಕಯಂತ್ರದ ಸ್ಮರಣಶಕ್ತಿಯು ಹೆಚ್ಚುವುದೆಂಬ ಮಾತನ್ನು ನಮ್ಮ ವಾಚಕರಲ್ಲಿ ಹಲವರು ಕೇಳಿರಬಹುದು. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಹಣ ತೆರುವ ಮೊದಲು ಸಂಗತಿಯನ್ನು ಅರಿಯುವುದು ಲೇಸು.

ಯಂತ್ರವು ಸದ್ಯದ ಕೆಲಸಕ್ಕೆ ಬೇಕಾದುದನ್ನು ರ‍್ಯಾಮ್ ಎಂಬ ಸ್ಮೃತಿಯಲ್ಲಿ ಇರಿಸಿಕೊಳ್ಳುವುದು. ಅದು ಅಂಗಡಿಯವನ ಕೈಗೆಟುಕುವ ಗೂಡಿನಂತೆ. ಗೂಡು ಚಿಕ್ಕದಾದರೆ ಮಿಕ್ಕ ಸರಕಿಗಾಗಿ ಹಾರ್ಡ್ ಡಿಸ್ಕ್ ಎಂಬ ಉಗ್ರಾಣಕ್ಕೆ ಓಡಬೇಕು. ಬಸವಕಲ್ಯಾಣದ ವರ್ತಕನು ಗಿರಾಕಿ ಬೇಡಿದ ಒಂದೊಂದು ಸಣ್ಣ ವಸ್ತುವಿಗೂ ಸುಮಾರು ೩೦ ಕಿಲೋಮೀಟರು ದೂರದ ಹುಮನಾಬಾದಿಗೆ ಹೋಗಿಬಂದರೆ ವ್ಯಾಪಾರ ಹೇಗೆ ಸಾಗೀತು? ತಿರುಗುವ ತಟ್ಟೆಯ ಮೇಲೆ ಒಂದು ಅಂಶವನ್ನು ಹುಡುಕುವಷ್ಟರಲ್ಲಿ ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಹೊತ್ತು ಕಳೆಯುವುದು. ಒಂದಕ್ಕಾದರೆ ಚಿಂತೆಯಿಲ್ಲ, ಸಾವಿರಾರು ಅಂಶಗಳಿಗೆ ಹೀಗಾದರೆ ಮನುಷ್ಯನ ತಾಳ್ಮೆ ಕೆಡುವುದು. ಪೆನ್ ಡ್ರೈವಿನಲ್ಲಿ ತಿರುಗುವ ಅಂಗವಿಲ್ಲದ ಕಾರಣ ಚದುರಿದ ಸಣ್ಣ ಅಂಶಗಳನ್ನು ಅದು ಬೇಗನೆ ಒದಗಿಸಬಲ್ಲದು.

ಈ ಗುಣವನ್ನು ಬಳಸಿಕೊಂಡು ಮೈಕ್ರೋಸಾಫ್ಟ್ ಸಂಸ್ಥೆಯವರು, ೨೦೦೭ರಲ್ಲಿ ಜನಸಾಮಾನ್ಯರ ಕೈಸೇರಿದ ವಿಂಡೋಸ್ ವಿಸ್ತಾದಲ್ಲಿ ರೆಡಿಬೂಸ್ಟ್ ಎಂಬ ಏರ್ಪಾಡನ್ನು ಮಾಡಿದರು. ೨೫೬ ಮೆಗಾಬೈಟಿಗಿಂತ ಚಿಕ್ಕದಾದ ಡ್ರೈವ್ ಇದಕ್ಕೆ ಸಲ್ಲದು. ಅದರಲ್ಲಿ ಇರಿಸುವುದು ನಕಲು ಮಾತ್ರ. ಮೂಲವು ಡಿಸ್ಕಿನಲ್ಲಿಯೇ ಉಳಿಯುವುದು. ಆದುದರಿಂದ ಮಕ್ಕಳು ನಡುವೆಯೇ ಅದನ್ನು ಕಿತ್ತರೂ ಯಂತ್ರದೊಳಗಿನ ಲೆಕ್ಕಪತ್ರಗಳು ಕೆಡುವುದಿಲ್ಲ. ಅದೇ ಡ್ರೈವಿನಲ್ಲಿ ನಿಮ್ಮ ಸ್ವಂತ ಕಡತಗಳನ್ನೂ ತುಂಬಿದ್ದರೆ ಆ ಮಾತು ಬೇರೆ. ನಕಲು ಗೂಢಲಿಪಿಯಲ್ಲಿರುವುದರಿಂದ ಡ್ರೈವ್ ಕಳುವಾದರೂ ಆ ಭಾಗವನ್ನು ಪರರು ಓದಲಾರರು.

ಇಷ್ಟಾದರೂ ಪೆನ್ ಡ್ರೈವ್ ರ‍್ಯಾಮ್ ಆಗಲಾರದು. ವೇಗದಲ್ಲಿ ಅದಕ್ಕೆ ಸರಿಸಾಟಿಯೇ ಅಲ್ಲ. ೫೧೨ ಮೆಗಾಬೈಟ್ ಸ್ಮೃತಿಯ ಹಳೆಯ ಯಂತ್ರದಲ್ಲಿ ಪ್ರಯೋಜನ ಕಾಣುವುದು. ೪ ಗಿಗಾಬೈಟ್ ಇದ್ದಲ್ಲಿ ವ್ಯತ್ಯಾಸವು ಗೊತ್ತೇ ಆಗದಿರಬಹುದು. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್ ಇದ್ದರಂತೂ ಅದರಲ್ಲಿಯೂ ತಿರುಗುವ ತಟ್ಟೆಯಿಲ್ಲವಾದ್ದರಿಂದ ಈ ಉಪಾಯವು ನಿರರ್ಥಕ.

ಮನೆಯಲ್ಲಿ ಬಿಡುವಾಗಿರುವ ಡ್ರೈವನ್ನು ಸಿಕ್ಕಿಸಿ ನೋಡುವುದಕ್ಕೆ ನಮ್ಮ ಅಡ್ಡಿಯಿಲ್ಲ. ಇದಕ್ಕೆಂದೇ ಹೊಸದನ್ನು ಕೊಳ್ಳಬೇಡಿರಿ. ಆ ಹಣಕ್ಕೆ ಇನ್ನಷ್ಟು ಕೂಡಿಸಿ, ಯಂತ್ರಕ್ಕೆ ಒಗ್ಗುವ ರ‍್ಯಾಮನ್ನಾಗಲಿ ಎಸ್‌ಎಸ್‌ಡಿಯನ್ನಾಗಲಿ ಹಾಕಿಸುವುದೇ ಜಾಣತನ. ಡಿಸ್ಕನ್ನು ಬದಲಿಸುವ ಮುನ್ನ ಮಕ್ಕಳ ಭಾವಚಿತ್ರ, ಪಹಣಿಯ ಪ್ರತಿ, ಮನೆಯ ಲೆಕ್ಕ ಇವನ್ನೆಲ್ಲ ಮರೆಯದೆ ಬೇರೆಡೆ ನಕಲು ಮಾಡಿಕೊಳ್ಳಿರಿ. ಆ ಕೆಲಸಕ್ಕೆ ಪೆನ್ ಡ್ರೈವ್ ತಕ್ಕುದು.