ಮಗು ಬೇಕು, ಬಾಲ್ಯ ಬೇಡ

ತೆಲಂಗಾಣದ ಧರೂರು, ಗದ್ವಾಲ, ಮಕ್ತಲ್, ನಾರಾಯಣಪೇಟೆ ಕಡೆಯ ಕನ್ನಡದ ಮನೆಗಳಿಗೆ ಒಂದೇ ಹುಡುಗಿಯ ಕಥೆ ಎರಡು ದಾರಿಯಲ್ಲಿ ಬಂತು. ಹಿಂದಿಯ ‘ಬಾಲಿಕಾ ವಧು’ 2008ರ ಜುಲೈನಲ್ಲಿ ಶುರುವಾಯಿತು. ಅದೇ ಧಾರಾವಾಹಿ ತೆಲುಗಿನ ದನಿ ಪಡೆದು ‘ಚಿನ್ನಾರಿ ಪೆಳ್ಳಿಕೂತುರು’ ಎಂಬ ಹೆಸರಲ್ಲಿ ಮಾ ಟಿವಿಯಲ್ಲಿ ಪ್ರಸಾರವಾಯಿತು. 2012ರ ಡಿಸೆಂಬರಿನಲ್ಲಿ ಈಟಿವಿ ಕನ್ನಡ (ಈಗಿನ ಕಲರ್ಸ್ ಕನ್ನಡ) ಅದರ ಜಾಡಿನಲ್ಲೇ ‘ಪುಟ್ಟಗೌರಿ ಮದುವೆ’ಯನ್ನು ಆರಂಭಿಸಿತು. ಅಲ್ಲಿ ಆನಂದಿ, ಇಲ್ಲಿ ಗೌರಿ. ಆಡುವ ವಯಸ್ಸಿನಲ್ಲಿ ತಾಳಿ ಕಟ್ಟಿಸಿಕೊಂಡು ಗಂಡನ ಮನೆ ಸೇರಿದ ಮಗುವೇ ಎರಡರಲ್ಲೂ ನಾಯಕಿ. ತೆಲುಗು, ಕನ್ನಡ ಎರಡೂ ಬಲ್ಲ ಗಡಿನಾಡಿನವರಿಗೆ ಇವಳು ಅಪರಿಚಿತಳೇನಲ್ಲ, ಬಾಲ್ಯವಿವಾಹವನ್ನು ಇಲ್ಲಿನವರಿಗೆ ಟಿವಿ ಕಲಿಸಬೇಕಾಗಿಯೂ ಇಲ್ಲ. ಆದರೂ ಈ ಪಾತ್ರದ ಪಾಡನ್ನು ಕೊನೆಯತನಕ ಹಿಂಬಾಲಿಸಿದರೆ ದೈನಿಕ ಧಾರಾವಾಹಿಯ ಸ್ವಭಾವವೇ ಬಯಲಾಗುತ್ತದೆ. ಅದಕ್ಕೆ ಮಗು ಬೇಕು, ಆದರೆ ಬಾಲ್ಯ ಬೇಡ.

ಮೊದಲ ಭಾಗದ ಬಲ ಎಲ್ಲಿತ್ತೆಂದು ನೋಡಿ. ಮನೆಯ ಹಿರಿಯಳ ಕಟ್ಟಳೆಗಳು, ಮಡಿ, ಮರ್ಯಾದೆ, ಬಿಟ್ಟುಹೋದ ಶಾಲೆ, ಎಲ್ಲವನ್ನೂ ಮಗುವಿನ ಎತ್ತರದಿಂದ ತೋರಿಸಲಾಗಿತ್ತು. ಯಾಕೆ ಎಂದು ಕೇಳುವ ಹುಡುಗಿಗೆ ದೊಡ್ಡವರಲ್ಲಿ ಉತ್ತರವಿರಲಿಲ್ಲ, ನೋಡುತ್ತಿದ್ದವರಲ್ಲೂ ಇರಲಿಲ್ಲ. ‘ಬಾಲಿಕಾ ವಧು’ವಿನಲ್ಲಿ ಆನಂದಿಯ ಗೆಳತಿ ಫೂಲಿ ಆಟದ ವಯಸ್ಸಿನಲ್ಲೇ ವಿಧವೆಯಾಗುತ್ತಾಳೆ. ಭಾಷಣ ಹೇಳಲಾರದ್ದನ್ನು ಆ ಒಂದು ಎಳೆ ಹೇಳಿತು. ಇಷ್ಟಾಗಿಯೂ ಈ ಭಾಗ ಎಷ್ಟು ಕಾಲ ನಡೆಯಿತು? ಆನಂದಿ 2010ರಲ್ಲೇ ದೊಡ್ಡವಳಾದಳು, ಧಾರಾವಾಹಿ ಮಾತ್ರ 2016ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಕಂತು ಎಳೆಯಿತು. ಸಾನ್ಯಾ ಅಯ್ಯರ್ ನಟಿಸಿದ್ದ ಪುಟ್ಟಗೌರಿಯ ಜಾಗಕ್ಕೆ 2014ರ ಹೊತ್ತಿಗೆ ರಂಜನಿ ರಾಘವನ್ ಬಂದರು, ಕಥೆ 2018ರವರೆಗೆ ನಡೆಯಿತು. ಎರಡರಲ್ಲೂ ಬಾಲ್ಯಕ್ಕೆ ಸಿಕ್ಕಿದ್ದು ಸಣ್ಣ ಪಾಲು. ಆಮೇಲಿನದು ಗಂಡನ ಬದುಕಿಗೆ ಬಂದ ಇನ್ನೊಬ್ಬಳ ಕಥೆ. ಅಲ್ಲಿ ಜಗ್ಯಾ ಮತ್ತೊಂದು ಮದುವೆಯಾದ, ಇಲ್ಲಿ ಮಹೇಶನ ಬಾಳಿಗೆ ಹಿಮಾ ಬಂದಳು. ಸವತಿಯ ಕಥೆಗೆ ನಾಯಕಿ ಮಗುವಾಗಿದ್ದಾಗಲೇ ಮದುವೆಯಾಗಿರಬೇಕೆಂದೇನಿಲ್ಲ. ಬೆಟ್ಟದಿಂದ ಬಿದ್ದೂ ಬದುಕಿ, ಕಾಡಿನಲ್ಲಿ ಹುಲಿಗೆ ಎದುರಾದ ಗೌರಿ ಕೊನೆಕೊನೆಗೆ ಮೊಬೈಲುಗಳಲ್ಲಿ ನಗೆಪಾಟಲಾದಳು. ಅಷ್ಟು ಹೊತ್ತಿಗೆ ಅವಳು ಬಾಲವಧು ಎಂಬುದೇ ಮರೆತುಹೋಗಿತ್ತು.

ಇದು ಒಬ್ಬ ನಿರ್ದೇಶಕರ ದೋಷವೇನಲ್ಲ. ವಾರಕ್ಕೆ ಐದು ಕಂತು, ವರ್ಷಕ್ಕೆ ಇನ್ನೂರೈವತ್ತರ ಆಸುಪಾಸು. ಇಷ್ಟನ್ನು ತುಂಬಲು ಒಳಸಂಚು, ಮದುವೆ, ಆಸ್ತಿಜಗಳ ಬೇಕೇ ಬೇಕು, ಮತ್ತು ಅವೆಲ್ಲ ದೊಡ್ಡವರ ವ್ಯವಹಾರ. ಮಗುವಿನ ದಿನದಲ್ಲಿ ಅಷ್ಟು ತಿರುವುಗಳಿಲ್ಲ. ಜೊತೆಗೆ ಮಗು ಬೆಳೆಯುತ್ತದೆ, ಕಥೆಯೊಳಗಿನ ಕಾಲವೋ ಒಂದು ಹಬ್ಬವನ್ನು ಮೂರು ವಾರ ಎಳೆಯುತ್ತದೆ. ಹಾಗಾಗಿ ಬರಹಗಾರರ ಮುಂದೆ ಉಳಿಯುವ ದಾರಿ ಕೆಲವೇ: ಕಥೆಯನ್ನು ಹಲವು ವರ್ಷ ಮುಂದಕ್ಕೆ ಹಾರಿಸುವುದು, ಮಗುವನ್ನು ಹಾಸ್ಟೆಲಿಗೋ ಅಜ್ಜಿಮನೆಗೋ ಕಳಿಸಿ ಮರೆತುಬಿಡುವುದು, ಇಲ್ಲವೇ ಸಾಯಿಸುವುದು. ಅಮೆರಿಕದ ಹಳೆಯ ಧಾರಾವಾಹಿಗಳಲ್ಲಿ ಕೂಸು ದಿಢೀರನೆ ಹದಿಹರೆಯಕ್ಕೆ ಬರುವುದು ಎಷ್ಟು ಮಾಮೂಲಾಗಿತ್ತೆಂದರೆ, ಅಲ್ಲಿನವರು ಅದಕ್ಕೆ ರೋಗದಂಥ ಹೆಸರೊಂದನ್ನೇ ಇಟ್ಟು ಗೇಲಿ ಮಾಡಿದರು. ನಮ್ಮಲ್ಲಿ ಜೀ ಕನ್ನಡದ ‘ಸೀತಾ ರಾಮ’ದ ಸಿಹಿಯನ್ನು ನೋಡಿ. 2023ರಲ್ಲಿ ಶುರುವಾದ ಆ ಧಾರಾವಾಹಿಯ ಜೀವಾಳವೇ ಆ ಪುಟ್ಟಿ. ಕಥೆ ಅವಳನ್ನು ಅಪಘಾತದಲ್ಲಿ ಸಾಯಿಸಿ, ಅದೇ ಮುಖದ ಸುಬ್ಬಿಯನ್ನು ತಂದಿತು. ಪಾತ್ರ ಹೋಗಬೇಕು, ಮುಖ ಉಳಿಯಬೇಕು ಎನ್ನುವ ಲೆಕ್ಕಾಚಾರ ಇಷ್ಟು ನಿಚ್ಚಳವಾಗಿ ಕಾಣುವುದು ಅಪರೂಪ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ತೂಕದ್ದೇ: ಕಥೆ ಹಳಿ ತಪ್ಪಿರಬಹುದು, ಆದರೆ ಬಾಲ್ಯವಿವಾಹದ ಮಾತನ್ನು ಊಟದ ಹೊತ್ತಿನಲ್ಲಿ ನಡುಮನೆಗೆ ತಂದದ್ದು ಇವೇ ಧಾರಾವಾಹಿಗಳಲ್ಲವೇ? ಹೌದು. ಆ ಶ್ರೇಯ ಸಲ್ಲಲಿ, ಆದರೆ ಸಲ್ಲಬೇಕಾದದ್ದು ಬಾಲ್ಯದ ಕಂತುಗಳಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲೂ ಕರ್ನಾಟಕದಲ್ಲೂ 20ರಿಂದ 24 ವಯಸ್ಸಿನ ಹೆಂಗಸರ ಪೈಕಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮದುವೆ ಹದಿನೆಂಟು ತುಂಬುವ ಮೊದಲೇ ಆಗಿತ್ತು. ಕರ್ನಾಟಕದ ಅಂಕಿ ಹಿಂದಿನ ಸಮೀಕ್ಷೆಗೂ ಇದಕ್ಕೂ ನಡುವೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಧಾರಾವಾಹಿ ಸೋತಿತೆಂದು ಇದರಿಂದ ತೀರ್ಮಾನಿಸುವುದು ಅನ್ಯಾಯ. ಬಡತನ, ವರದಕ್ಷಿಣೆ, ಹೆಣ್ಣುಮಕ್ಕಳ ಶಾಲೆಯ ದೂರ ಇವನ್ನೆಲ್ಲ ಟಿವಿ ತಿದ್ದಲಾರದು. ಆದರೆ ಬಾಲವಧುವಿನ ಕಥೆ ಎಂದು ಶುರುಮಾಡಿ ಅವಳನ್ನು ಗಂಡನಿಗಾಗಿ ಕಾದಾಡುವ ಸಹನಶೀಲೆಯಾಗಿ ಮೆರೆಸಿದರೆ, ಆ ಮದುವೆ ಉಳಿಸಿಕೊಳ್ಳಬೇಕಾದದ್ದೇ ಎಂದು ಹೇಳಿದಂತಾಗುತ್ತದೆ. ಕರ್ನಾಟಕದ ಕಾನೂನೋ, 2016ರ ತಿದ್ದುಪಡಿಯ ನಂತರ, ಅಂಥ ಮದುವೆಯನ್ನು ಮೊದಲಿಂದಲೇ ಅಸಿಂಧು ಎನ್ನುತ್ತದೆ.

ಎರಡನೆಯ ಆಕ್ಷೇಪಣೆ ತೆರೆಯ ಹಿಂದಿನ ಮಗುವಿಗೆ ಸಂಬಂಧಿಸಿದ್ದು: ಬಾಲಕಲಾವಿದರಿಗೆ ಕಾನೂನಿನ ರಕ್ಷಣೆ ಇದೆಯಲ್ಲ ಎಂಬುದು. ಇದೆ. 2017ರ ನಿಯಮಗಳ ಪ್ರಕಾರ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ಗಳಿಕೆಯ ಕನಿಷ್ಠ ಶೇ. 20 ಮಗುವಿನ ಹೆಸರಲ್ಲಿ ಠೇವಣಿಯಾಗಬೇಕು. ಒಳ್ಳೆಯ ನಿಯಮಗಳೇ. ಆದರೆ ಇವು ಹುಟ್ಟಿದ್ದು ಒಂದು ವಿನಾಯಿತಿಯಿಂದ ಎಂಬುದನ್ನು ಮರೆಯಬಾರದು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕರೊಳಗಿನವರ ದುಡಿಮೆಯನ್ನು ಪೂರ್ತಿ ನಿಷೇಧಿಸಿ, ಎರಡು ಬಾಗಿಲು ತೆರೆದಿಟ್ಟಿತು: ಒಂದು ಸಿನಿಮಾ–ಧಾರಾವಾಹಿಗಳ ಮಕ್ಕಳಿಗೆ, ಇನ್ನೊಂದು ಶಾಲೆ ಬಿಟ್ಟ ಮೇಲೆ ಮನೆಯ ಕಸುಬಿಗೆ ನೆರವಾಗುವ ಮಕ್ಕಳಿಗೆ. ಎರಡೂ ಒಂದೇ ಕಲಮಿನಲ್ಲಿವೆ. ಗದ್ವಾಲ, ಧರೂರಿನ ಸುತ್ತಿನ ನಡಿಗಡ್ಡೆಯಲ್ಲಿ ಎರಡನೆಯ ಬಾಗಿಲಿನ ಅರ್ಥ ಎಲ್ಲರಿಗೂ ಗೊತ್ತು. ಇದು ಬೀಜದ ಹತ್ತಿಯ ಸೀಮೆ. ಹೂವಿಗೆ ಹೂ ತಾಕಿಸುವ ಕ್ರಾಸಿಂಗ್ ಕೆಲಸಕ್ಕೆ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಹಚ್ಚುತ್ತಿದ್ದುದು ದಶಕಗಳಿಂದ ದಾಖಲಾಗಿದೆ. ಸ್ಟುಡಿಯೊದ ಮಗುವಿಗೂ ಹೊಲದ ಮಗುವಿಗೂ ಕೂಲಿಯಲ್ಲಿ, ಸುಖದಲ್ಲಿ ಅಜಗಜಾಂತರವಿದೆ ಎನ್ನುವವರ ಮಾತು ನಿಜ. ಆದರೆ ಗಿಡದ ಹಂಗಾಮು ಕೆಲವು ತಿಂಗಳಿಗೆ ಮುಗಿಯುತ್ತದೆ, ಧಾರಾವಾಹಿಯ ಹಂಗಾಮಿಗೆ ಕೊನೆಯ ದಿನವನ್ನು ಯಾರೂ ಗೊತ್ತುಮಾಡಿರುವುದಿಲ್ಲ.

ಅಲ್ಲಿಗೆ ಪ್ರಶ್ನೆ ಉದ್ದದ್ದೇ ಆಗುತ್ತದೆ. ಶಂಕರ್‌ನಾಗ್ ನಿರ್ದೇಶಿಸಿ 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ನ ಸ್ವಾಮಿಯನ್ನು ನೆನೆಯಿರಿ. ಆಗುಂಬೆಯಲ್ಲಿ ಚಿತ್ರೀಕರಣವಾದ ಆ ಹುಡುಗನ ಕಥೆ ಕೆಲವೇ ಕಂತುಗಳದ್ದು. ಮಾಸ್ಟರ್ ಮಂಜುನಾಥ್ ಅಭಿನಯದ ಸ್ವಾಮಿ ಹುಡುಗನಾಗಿಯೇ ಬಂದ, ಹುಡುಗನಾಗಿಯೇ ಹೋದ. ಅವನನ್ನು ದೊಡ್ಡವನಾಗಿಸುವ ಜರೂರು ಯಾರಿಗೂ ಬೀಳಲಿಲ್ಲ. ಅದು ಸರ್ಕಾರಿ ವಾಹಿನಿಯ ಕಾಲ, ಈಗ ಟಿಆರ್‌ಪಿ ಇರುವಷ್ಟು ದಿನ ಎಳೆಯದಿದ್ದರೆ ವಾಹಿನಿ ಬದುಕುವುದಿಲ್ಲ ಎನ್ನಬಹುದು. ಹಾಗಾದರೆ ಗೌರಿಯನ್ನು ಆರು ವರ್ಷದ ಹತ್ತಿರಕ್ಕೆ ಎಳೆದ ಅದೇ ವಾಹಿನಿ ‘ಬಿಗ್ ಬಾಸ್’ಗೆ ನೂರು ದಿನದ ಆಸುಪಾಸಿನ ಗಡುವು ಹಾಕಿಕೊಂಡು, ಜಾಹೀರಾತನ್ನೂ ಗಿಟ್ಟಿಸಿಕೊಂಡು, ವರ್ಷವರ್ಷವೂ ನಡೆಸುವುದು ಹೇಗೆ? ಮಗುವೇ ನಾಯಕಿಯಾದ ಕಥೆಗೂ ಶುರುವಿನಲ್ಲೇ ಅಂಥದ್ದೊಂದು ಗಡುವು ಹಾಕಲು ಆಗದೆನ್ನಲು ವ್ಯಾಪಾರದ ಕಾರಣವಂತೂ ಸಾಲದು.