ಓದುವ ಮಕ್ಕಳ ಸಾಲಕ್ಕೂ ಮೇವು ಬೇಕು



ಕಳೆದ ತಿಂಗಳು ಕೆಚ್ಚಲು ಬಾವಿನ ಚಿಕಿತ್ಸೆಗೆಂದು ಹೋಗಿದ್ದ ಮನೆಯಲ್ಲಿ, ಇಪ್ಪತ್ತು ವರ್ಷದಿಂದ ಹೈನುಗಾರಿಕೆ ನಡೆಸುತ್ತಿರುವ ತಾಯಿಯೊಬ್ಬರು ಎಂಜಿನಿಯರಿಂಗ್ ಸೇರಿದ ಮಗಳಿಗೆ ಬುದ್ಧಿ ಹೇಳುತ್ತಿದ್ದರು: "ಹಾಲು ಬತ್ತಿಸಿದ ಹಸು ಎರಡು ತಿಂಗಳು ಹಾಲು ಕೊಡಲ್ಲ. ಹಾಗಂತ ಮೇವು ತಿನ್ನೋದು ಬಿಡುತ್ತಾ? ನಿನ್ನ ಸಾಲನೂ ಹಂಗೇ."

ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಪಶುವೈದ್ಯ ಪದವಿಯ ಐದೂವರೆ ವರ್ಷ, ಕಂತಿಲ್ಲವೆಂದು ನಿಶ್ಚಿಂತೆಯಿಂದಿದ್ದೆ. ಕೆಲಸ ಸಿಗುವಷ್ಟರಲ್ಲಿ ಬಡ್ಡಿ ಬೆಳೆದಿತ್ತು. ಅಪ್ಪ ಎರಡು ಹಸು ಮಾರಿದರು.

ನೀವೇ ಲೆಕ್ಕ ಹಾಕಿ. 4 ಲಕ್ಷ ರೂಪಾಯಿಗೆ ಶೇ. 10ರಂತೆ ವರ್ಷದ ಬಡ್ಡಿ 40,000, ತಿಂಗಳಿಗೆ ಸುಮಾರು 3,300. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಹಲವು ಬ್ಯಾಂಕುಗಳು ಶೇ. 1ರಷ್ಟು ರಿಯಾಯಿತಿ ಕೊಡುತ್ತವೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು ಮಕ್ಕಳು ವೃತ್ತಿಪರ ಕೋರ್ಸಿನಲ್ಲಿದ್ದರೆ ಕೇಂದ್ರದ ಬಡ್ಡಿ ಸಹಾಯಧನ ಅನ್ವಯಿಸುತ್ತದೆಯೇ ಎಂದು ಸಾಲ ಪಡೆಯುವ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿ. ಆದಾಯ ಪ್ರಮಾಣಪತ್ರ ಜೊತೆಗಿರಲಿ.

ಫೋನಿನಲ್ಲಿ ಐದೇ ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳನ್ನು ಮಗಳು ತೋರಿಸಿದಳಂತೆ. "ಜಾತ್ರೇಲಿ ಹಾಲು ಕರೆಯದೆ ಕೆಚ್ಚಲು ತುಂಬಿಸಿ ನಿಲ್ಲಿಸಿರ್ತಾರಲ್ಲ, ಆ ಹಸು ಇದು" ಎಂದರಂತೆ ತಾಯಿ. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬಾರದು.

ಅವರು ಪ್ರತಿ ಬಟವಾಡೆಯಲ್ಲೂ ಒಂದು ಹಸುವಿನ ಹಣವನ್ನು ಬಡ್ಡಿಗೆಂದೇ ಎತ್ತಿಡುತ್ತಾರೆ. ಬಾವು ಬಂದಿದ್ದು ಅದೇ ಹಸುವಿಗೆ. ಔಷಧಿ ಕೊಟ್ಟ ಮೇಲೆ, ನಾನು ಹೇಳಿದಷ್ಟು ದಿನ ಅದರ ಹಾಲನ್ನು ಡೇರಿಗೆ ಹಾಕಲಿಲ್ಲ. ಆ ಸಲದ ಬಡ್ಡಿಯನ್ನು ಪಕ್ಕದ ಹಸು ಕಟ್ಟಿತು.